ಸೂಜಿಯಲ್ಲಿ ಹೋದದ್ದು ಸೂಜಿಯಲ್ಲಿ ಬರುವುದಿಲ್ಲ

ಆರೋಗ್ಯ ಪ್ರಶ್ನೋತ್ತರ: ಉತ್ತರಿಸಿದವರು ಪ್ಲಾಸ್ಟಿಕ್ ಸರ್ಜನ್

ಎದೆ ದೊಡ್ಡದಾಗಲೆಂದು ಹಿಂದೆಂದೋ ಇಂಜೆಕ್ಷನ್ ಹಾಕಿಸಿಕೊಂಡವರ ಪತ್ರಗಳು ಆಗೊಂದು ಈಗೊಂದು ಬರುತ್ತಲೇ ಇದ್ದವು. ಈ ಸಲ ಎಲ್ಲವನ್ನೂ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಯಾರೂ ಹೆಸರು ಹಾಕಿಲ್ಲ, ಹಾಕಿದ್ದರೂ ಅಚ್ಚಾಗುತ್ತಿರಲಿಲ್ಲ. ಸಿಲಿಕೋನ್ ಚೀಲ ಇಡುವ ಆಪರೇಷನ್ ಬೇರೆ, ಅದರ ತಾಪತ್ರಯಗಳೂ ಬೇರೆ. ಇಲ್ಲಿ ಮಾತು ಸೂಜಿಯಲ್ಲಿ ಚುಚ್ಚಿ ತುಂಬಿದ ಪದಾರ್ಥಗಳದ್ದು ಮಾತ್ರ.

ಪ್ರಶ್ನೆ: ಮೇಡಂ, ನನಗೀಗ ನಲವತ್ತೇಳು. ನಮ್ಮವರದು ಗ್ರಾನೈಟ್ ವ್ಯಾಪಾರ. ಇಲ್ಲಿನ ಬ್ಲಾಕುಗಳು ಚೀನಾದ ಶಿಯಾಮೆನ್ ಬಂದರಿಗೆ ಹೋಗುತ್ತಿದ್ದಾಗ ಕೆಲವು ವರ್ಷ ಅಲ್ಲೇ ಸಂಸಾರ ಹೂಡಿದ್ದೆವು. ಎರಡನೇ ಮಗುವಿಗೆ ಹಾಲು ಬಿಡಿಸಿದ ಮೇಲೆ, 2004ರಲ್ಲಿ, ಅಲ್ಲಿನ ಬ್ಯೂಟಿ ಕ್ಲಿನಿಕ್ ಒಂದರಲ್ಲಿ ಎದೆಗೆ ಜೆಲ್ ಹಾಕಿಸಿಕೊಂಡೆ. ಕೊಯ್ಯುವುದಿಲ್ಲ, ಹೊಲಿಗೆ ಇಲ್ಲ, ಸಂಜೆಗೆ ಮನೆಗೆ ಹೋಗಬಹುದು ಅಂದಿದ್ದರು. ಹದಿನೈದು ವರ್ಷ ಏನೂ ಆಗಲಿಲ್ಲ. ಈಗ ಎಡಗಡೆ ಗಟ್ಟಿಯಾಗಿದೆ, ಆಕಾರ ಕೆಟ್ಟಿದೆ. ಪಕ್ಕೆಲುಬಿನ ಕೆಳಗೆ, ಹೊಟ್ಟೆಯ ಮೇಲ್ಭಾಗದಲ್ಲಿ ಮೆತ್ತನೆಯ ಉಬ್ಬು ಕಾಣಿಸಿಕೊಂಡಿದೆ. ಜ್ವರ ಬಂದಾಗ ಅದು ಕೆಂಪಾಗಿ ನೋಯುತ್ತದೆ. ನಮ್ಮೂರಿನ ಸರ್ಜನ್ ಕೊಬ್ಬಿನ ಗಡ್ಡೆ ಇರಬೇಕು, ಸೂಜಿ ಹಾಕಿ ತೆಗೆದು ನೋಡೋಣ ಅಂದಿದ್ದಾರೆ. ಜೆಲ್ ವಿಷಯ ಅವರಿಗೆ ಹೇಳಿಲ್ಲ. ನಮ್ಮತ್ತೆಗೂ ಗೊತ್ತಿಲ್ಲ. ಯಾರಿಗೂ ಹೇಳದೆ ವಾಸಿ ಮಾಡಿಕೊಳ್ಳಲು ದಾರಿ ಇದೆಯೇ?
– ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ಅತ್ತೆಯವರಿಗೆ ಹೇಳುವುದು ಬಿಡುವುದು ನಿಮ್ಮಿಷ್ಟ. ಸರ್ಜನ್‌ಗೆ ಹೇಳಲೇಬೇಕು, ಅದೂ ಅವರು ಸೂಜಿ ಕೈಗೆತ್ತಿಕೊಳ್ಳುವ ಮೊದಲು. ಈ ಅಂಕಣ ನಿಮ್ಮ ಕೈಸೇರುವ ಹೊತ್ತಿಗೆ ಅಪಾಯಿಂಟ್‌ಮೆಂಟ್ ಹತ್ತಿರ ಬಂದಿದ್ದರೆ ಮುಂದಕ್ಕೆ ಹಾಕಿಸಿ.

ಆ ವರ್ಷಗಳಲ್ಲಿ ಚೀನಾದ ಕ್ಲಿನಿಕ್ಕುಗಳಲ್ಲಿ ಎದೆಯ ಜೆಲ್ ಅಂದರೆ ಹೆಚ್ಚಾಗಿ ಪಾಲಿಅಕ್ರಿಲಮೈಡ್ ಹೈಡ್ರೋಜೆಲ್. ನಿಮಗೆ ಹಾಕಿರುವುದೂ ಬಹುತೇಕ ಅದೇ. ಅದರಲ್ಲಿ ಬಹುಪಾಲು ನೀರು, ಉಳಿದದ್ದು ದೇಹ ಎಂದೂ ಅರಗಿಸಿಕೊಳ್ಳಲಾರದ ಪಾಲಿಮರ್. ಸೋವಿಯತ್ ಒಕ್ಕೂಟದ ಕೊನೆಗಾಲದಲ್ಲಿ ಉಕ್ರೇನ್‌ನಲ್ಲಿ ರೂಪುಗೊಂಡ ಈ ಜೆಲ್ 1990ರ ದಶಕದ ಕೊನೆಗೆ ಚೀನಾಕ್ಕೆ ಬಂತು. ಆಮೇಲೆ ಅಲ್ಲೇ ತಯಾರಾಗಿ 'ಆವೊಮೇದಿಂಗ್' ಎಂಬ ಹೆಸರಿನಲ್ಲಿ, ವಿದೇಶಿಯರಿಗೆ 'ಅಮೇಜಿಂಗೆಲ್' ಆಗಿ, ಮಾರಾಟವಾಯಿತು. ಹಾಕಿಸಿಕೊಂಡವರ ಸಂಖ್ಯೆ ಲಕ್ಷಗಟ್ಟಲೆ. ದೂರುಗಳು ಬೆಟ್ಟದಷ್ಟಾದ ಮೇಲೆ 2006ರ ಏಪ್ರಿಲ್ 30ರಂದು ಅಲ್ಲಿನ ಔಷಧ ನಿಯಂತ್ರಣ ಇಲಾಖೆ ಅದರ ತಯಾರಿಕೆ, ಮಾರಾಟ, ಬಳಕೆ ಮೂರನ್ನೂ ನಿಲ್ಲಿಸಿತು. ನೀವು ಹಾಕಿಸಿಕೊಂಡಾಗ ಅದು ಕಳ್ಳಮಾಲಲ್ಲ, ಸರ್ಕಾರದ ಮೊಹರು ಬಿದ್ದಿದ್ದ ಮಾಲು. ಆದ್ದರಿಂದ ನಾಚಿಕೆಯ ಭಾರವನ್ನು ನೀವೊಬ್ಬರೇ ಹೊರಬೇಕಾಗಿಲ್ಲ.

ಹದಿನೈದು ವರ್ಷ ಸುಮ್ಮನಿದ್ದದ್ದು ಈಗೇಕೆ ಎದ್ದಿತು ಎನ್ನುತ್ತೀರಿ. ಹೊರಗಿನ ವಸ್ತು ಒಳಗೆ ಬಂದರೆ ದೇಹ ಅದರ ಸುತ್ತ ತೆಳುವಾದ ಪೊರೆ ಕಟ್ಟುತ್ತದೆ. ಚೀಲದೊಳಗಿನ ಸಿಲಿಕೋನ್‌ಗೆ ತನ್ನದೇ ಗಡಿ ಇದೆ, ಜೆಲ್‌ಗೆ ಇಲ್ಲ. ಸ್ತನದ ಹಿಂದೆ, ಮಾಂಸಖಂಡದ ಮುಂದೆ ಇರಲಿ ಎಂದು ಚುಚ್ಚಿದರೂ ಕಣ್ಣಿಗೆ ಕಾಣದೆ ಚುಚ್ಚಿದ್ದು ಅದು. ಒಂದಿಷ್ಟು ಹಾಲಿನ ಗ್ರಂಥಿಯೊಳಗೂ ಒಂದಿಷ್ಟು ಮಾಂಸಖಂಡದ ಎಳೆಗಳ ನಡುವೆಯೂ ಹೊಕ್ಕಿರುತ್ತದೆ. ಕೈ ಎತ್ತಿ ಇಳಿಸುವಾಗ, ಭಾರ ಹೊರುವಾಗ, ಮಗ್ಗುಲಾಗುವಾಗ ಖಂಡಗಳು ಅದನ್ನು ಒತ್ತುತ್ತಲೇ ಇರುತ್ತವೆ. ಪೊರೆ ತೆಳುವಾದ ಕಡೆ ದಾರಿ ಮಾಡಿಕೊಂಡು ಅದು ಕೆಳಕ್ಕೆ ಜಾರುತ್ತದೆ. ಕಂಕುಳಿಗೆ, ಬೆನ್ನಿಗೆ, ಹೊಟ್ಟೆಯ ಗೋಡೆಗೆ, ಕೆಲವರಲ್ಲಿ ಇನ್ನೂ ಕೆಳಗೆ ಇಳಿದದ್ದೂ ದಾಖಲಾಗಿದೆ. ನಿಮ್ಮ ಹೊಟ್ಟೆಯ ಮೇಲಿನ ಉಬ್ಬು ಕೊಬ್ಬಿನ ಗಡ್ಡೆಯಾಗಿರುವುದಕ್ಕಿಂತ ಜಾರಿಬಂದ ಜೆಲ್ ಆಗಿರುವ ಸಂಭವವೇ ಹೆಚ್ಚು. ಸ್ಕ್ಯಾನ್ ಮಾಡದೆ ಇದಕ್ಕಿಂತ ಹೆಚ್ಚು ಹೇಳಲಾರೆ.

ಜ್ವರ ಬಂದಾಗ ಕೆಂಪಾಗುವುದು ನನಗೆ ಹೆಚ್ಚು ಚಿಂತೆಯ ವಿಷಯ. ಈ ಜೆಲ್‌ನಲ್ಲಿ ರಕ್ತನಾಳಗಳಿಲ್ಲ. ಒಂದು ಸಲ ಬ್ಯಾಕ್ಟೀರಿಯ ಅಲ್ಲಿ ನೆಲೆಯೂರಿದರೆ ನುಂಗಿದ ಮಾತ್ರೆ ಅದನ್ನು ಮುಟ್ಟುವುದಿಲ್ಲ. ಮಾತ್ರೆ ತಿಂದಾಗ ಇಳಿಯುತ್ತದೆ, ಬಿಟ್ಟಾಗ ಏಳುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಆಂಟಿಬಯಾಟಿಕ್ ಎರಡು ಮೂರು ಕೋರ್ಸ್ ಮುಗಿಸಿ ಬಂದವರನ್ನು ನಾವು ನೋಡುತ್ತೇವೆ. ಅಷ್ಟರಲ್ಲಿ ಕೀವು ಒಳಗೊಳಗೇ ದಾರಿ ಹುಡುಕಿಕೊಂಡಿರುತ್ತದೆ. ಸ್ಟೀರಾಯ್ಡ್ ಕೊಟ್ಟರಂತೂ ಕೆಂಪು ಮಾಯವಾದಂತೆ ಕಂಡು ಸೋಂಕು ಬಲಿಯುತ್ತದೆ. ನೀವಿ ಸರಿಮಾಡುತ್ತೇನೆಂದು ಎಣ್ಣೆ ಹಚ್ಚಿ ತಿಕ್ಕುವುದು, ಶಾಖ ಕೊಡುವುದು ಎರಡೂ ಬೇಡ. ತಿಕ್ಕಿದಷ್ಟೂ ಅದು ಹರಡುತ್ತದೆ.

ಸೂಜಿ ಯಾಕೆ ಬೇಡ ಅಂದೆ? ಇಪ್ಪತ್ತು ವರ್ಷ ಒಳಗಿದ್ದ ಜೆಲ್ ಹಾಕಿದಾಗ ಇದ್ದ ಹಾಗೆ ಇರುವುದಿಲ್ಲ. ಟೇಬಲ್ಲಿನ ಮೇಲೆ ಸ್ತನದ ಕೆಳಮಡಿಕೆಯಲ್ಲಿ ಕೊಯ್ದು ಪೊರೆ ಬಿಡಿಸಿದಾಗ ಮೊದಲಿಗೆ ಅದು ತಾನಾಗಿಯೇ ಹೊರಗೆ ಬರುತ್ತದೆ, ಆರಿದ ಸಬ್ಬಕ್ಕಿ ಗಂಜಿಯ ಹಾಗೆ ಕಾಳುಕಾಳಾಗಿ, ನಸುಹಳದಿಯಾಗಿ. ಟ್ರೇ ತುಂಬುತ್ತದೆ. ಮುಗಿಯಿತು ಅಂದುಕೊಂಡು ಬೆರಳು ಹಾಕಿ ತಡವಿದರೆ ಗೋಡೆಯ ಹಿಂದೆ ಇನ್ನೊಂದು ಪೊಟರೆ ಸಿಗುತ್ತದೆ, ಅದರಾಚೆ ಮತ್ತೊಂದು. ಮಾಂಸಖಂಡದ ಎಳೆಗಳ ನಡುವೆ ಅಂಟಿದ್ದನ್ನು ಸಲೈನ್‌ನಿಂದ ತೊಳೆತೊಳೆದು, ಗಾಸ್ ಬಟ್ಟೆಯಿಂದ ಒರೆಸಿ, ಕೊನೆಗೆ ಕೆಟ್ಟಿರುವ ಗ್ರಂಥಿಯ ತುಂಡನ್ನೇ ಕತ್ತರಿಸಿ ತೆಗೆಯಬೇಕಾಗುತ್ತದೆ. ಇಂಥದ್ದನ್ನು ಸಿರಿಂಜಿನಲ್ಲಿ ಎಳೆದರೆ ಬರುವುದು ಎರಡು ಮೂರು ಎಂಎಲ್. ಒಳಕ್ಕೆ ಹೋಗುವುದು ಚರ್ಮದ ಮೇಲಿನ ಬ್ಯಾಕ್ಟೀರಿಯ.

ಹಾಗಾದರೆ ಕ್ರಮ ಹೀಗಿರಲಿ. ಮೊದಲು ಎದೆ ಮತ್ತು ಹೊಟ್ಟೆಯ ಮೇಲ್ಭಾಗ ಎರಡೂ ಬರುವಂತೆ ಎಂಆರ್‌ಐ. ಜೆಲ್‌ನಲ್ಲಿ ನೀರೇ ಹೆಚ್ಚಾದ್ದರಿಂದ ಅದು ಎಲ್ಲೆಲ್ಲಿ ಹೋಗಿ ಕೂತಿದೆ ಎಂಬುದು ಎಂಆರ್‌ಐನಲ್ಲಿ ನಕ್ಷೆ ಬಿಡಿಸಿದಷ್ಟು ಸ್ಪಷ್ಟವಾಗಿ ಕಾಣುತ್ತದೆ. ಆ ಫಿಲಂ ಹಿಡಿದು ಪ್ಲಾಸ್ಟಿಕ್ ಸರ್ಜನ್ ಹತ್ತಿರ ಹೋಗಿ. ಖಾಸಗಿ ಖರ್ಚು ಕಷ್ಟವಾದರೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಪ್ಲಾಸ್ಟಿಕ್ ಸರ್ಜರಿ ವಿಭಾಗವಿದೆ. ಸ್ಕ್ಯಾನ್ ನೋಡಿದವರಿಗೆ ಯಾವುದಾದರೂ ಗಂಟಿನ ಬಗ್ಗೆ ಕ್ಯಾನ್ಸರ್ ಅನುಮಾನ ಬಂದರೆ ಬಯಾಪ್ಸಿ ಮಾಡಿಸಲೇಬೇಕು. ಆದರೆ ಅದು ಸ್ಕ್ಯಾನ್ ನೋಡಿಕೊಂಡು ಗುರಿಯಿಟ್ಟು ಮಾಡುವ ಬಯಾಪ್ಸಿ, ಕೈಗೆ ಸಿಕ್ಕಿದ್ದಕ್ಕೆ ಚುಚ್ಚುವುದಲ್ಲ.

ಪೂರ್ತಿ ತೆಗೆಯಬಹುದೇ? ಇಲ್ಲ. ಎಷ್ಟೇ ನುರಿತ ಕೈಯಾದರೂ ಸ್ವಲ್ಪ ಉಳಿಯುತ್ತದೆ. ಎಲ್ಲ ತೆಗೆಯುತ್ತೇನೆ ಎಂದು ಭರವಸೆ ಕೊಡುವ ಡಾಕ್ಟರನ್ನು ನಂಬಬೇಡಿ. ಉಳಿದದ್ದರ ಮೇಲೆ ವರ್ಷವರ್ಷ ಸ್ಕ್ಯಾನ್‌ನಲ್ಲಿ ಕಣ್ಣಿಡುತ್ತೇವೆ. ತೆಗೆದ ಮೇಲೆ ಎದೆ ಚಪ್ಪಟೆಯಾಗಿ ಜೋಲುತ್ತದೆ, ಅದನ್ನು ಮೊದಲೇ ತಿಳಿದಿರಿ. ಮತ್ತೆ ಆಕಾರ ಬೇಕೆಂದರೆ ಸೋಂಕು ಪೂರ್ತಿ ಆರಿ, ಕಡಿಮೆಯೆಂದರೆ ಆರು ತಿಂಗಳು ಕಳೆದ ಮೇಲೆ ನೋಡುವುದು ನನ್ನ ಪದ್ಧತಿ. ಅದೇ ದಿನ ಚೀಲ ಇಟ್ಟು ಮುಗಿಸುವವರೂ ಇದ್ದಾರೆ. ಕೆಂಪಾಗಿ ನೋಯುವ ಎದೆಗೆ ಆ ಅವಸರ ಸಲ್ಲದು.

ಕ್ಯಾನ್ಸರ್ ಭಯಕ್ಕೂ ಒಂದು ಮಾತು. ಈ ಪಾಲಿಮರ್ ತಯಾರಾಗುವ ಮೂಲ ರಾಸಾಯನಿಕ ಅಕ್ರಿಲಮೈಡ್ ನರಗಳಿಗೆ ವಿಷ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1994ರಲ್ಲಿ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಂಭವವಿರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಆದರೆ ಜೆಲ್ ಹಾಕಿಸಿಕೊಂಡ ಹೆಂಗಸರಲ್ಲಿ ಅದರಿಂದಲೇ ಸ್ತನ ಕ್ಯಾನ್ಸರ್ ಹೆಚ್ಚಾಯಿತೆಂದು ಸಾಬೀತಾಗಿಲ್ಲ. ನಿಜವಾದ ಅಪಾಯ ಬೇರೆ: ಗಂಟುಗಳ ನಡುವೆ ಹೊಸ ಗಂಟೊಂದು ಹುಟ್ಟಿದರೆ ಯಾರ ಕೈಗೂ ಕಣ್ಣಿಗೂ ಸಿಗದೆ ಹೋಗುತ್ತದೆ. ಚಳಿಜ್ವರ ಬಂದು ಚರ್ಮ ಮಿರಿಮಿರಿ ಹೊಳೆಯತೊಡಗಿದರೆ ಅಥವಾ ಎಲ್ಲಾದರೂ ಸೋರಿದರೆ ಎಂಆರ್‌ಐಗೆ ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ ಸೇರಿ.

ಪ್ರಶ್ನೆ: ನಾನು ಮ್ಯಾಮೊಗ್ರಾಂ ತೆಗೆಯುವ ಟೆಕ್ನಿಷಿಯನ್. ಇತ್ತೀಚೆಗೆ ಒಬ್ಬರ ಫಿಲಂ ತುಂಬ ಬಿಳೀ ಉರುಟುಗಳು. ಮೊದಲು ಏನಾದರೂ ಮಾಡಿಸಿದ್ದಿರಾ ಎಂದು ಕೇಳಿದರೆ ತಲೆ ಅಲ್ಲಾಡಿಸಿದರು. ಹೊರಗೆ ಅವರ ಅತ್ತೆ, ನಾದಿನಿ ಕೂತಿದ್ದರು. ಮರುದಿನ ಫೋನ್ ಮಾಡಿ, ಲಂಡನ್‌ನಲ್ಲಿದ್ದಾಗ 2009ರಲ್ಲಿ ಮ್ಯಾಕ್ರೊಲೇನ್ ಹಾಕಿಸಿದ್ದೆ ಎಂದು ಅತ್ತರು. ಇಂಥವರನ್ನು ಕೇಳುವುದು ಹೇಗೆ?
– ಹುಬ್ಬಳ್ಳಿ

ಉತ್ತರ: ಒಳ್ಳೆಯ ಪ್ರಶ್ನೆ, ಡಾಕ್ಟರುಗಳು ಕೇಳಬೇಕಾಗಿದ್ದ ಪ್ರಶ್ನೆ.

ಮೊದಲು ಫಿಲಂ ವಿಷಯ. ಮ್ಯಾಕ್ರೊಲೇನ್ ಅಂದರೆ ಹಯಲುರಾನಿಕ್ ಆಸಿಡ್, ಮುಖದ ಫಿಲ್ಲರ್‌ಗಳ ಜಾತಿಯದೇ. ಸ್ವೀಡನ್ನಿನ ಆ ಉತ್ಪನ್ನ 2008ರ ಸುಮಾರಿಗೆ ಯುರೋಪಿನಲ್ಲಿ ಎದೆಗೂ ಬಳಕೆಗೆ ಬಂತು. ಮ್ಯಾಮೊಗ್ರಾಂ ಓದಲು ಅಡ್ಡಿಯಾಗುತ್ತದೆ ಎಂಬ ಆಕ್ಷೇಪ ಎದ್ದಿತು. 2011ರಲ್ಲಿ ಫ್ರಾನ್ಸ್ ಎದೆಗೆ ಇಂಥವನ್ನು ಚುಚ್ಚುವುದನ್ನು ನಿಷೇಧಿಸಿತು, 2012ರಲ್ಲಿ ತಯಾರಕರೇ ಎದೆಯ ಬಳಕೆಯನ್ನು ಕೈಬಿಟ್ಟರು. ಆದರೆ ಅದು ಕರಗುವ ಪದಾರ್ಥ, ವರ್ಷ ಎರಡು ವರ್ಷದಲ್ಲಿ ಬಹುಪಾಲು ಹೋಗುತ್ತದೆ. ಅಲ್ಲೊಂದು ಇಲ್ಲೊಂದು ಗುಳ್ಳೆ ಪೊರೆಯೊಳಗೆ ಉಳಿಯಬಹುದು. ಇಷ್ಟು ವರ್ಷಗಳ ನಂತರ ಫಿಲಂ ತುಂಬ ದಟ್ಟ ಬಿಳೀ ಉರುಟುಗಳಿವೆ ಅಂದರೆ ನನ್ನ ಅನುಮಾನ ದ್ರವ ಸಿಲಿಕೋನ್ ಕಡೆಗೆ. ಅವರು ನಿಮಗೆ ಸುಳ್ಳು ಹೇಳಿದರು ಅನ್ನುತ್ತಿಲ್ಲ. ಅವರಿಗೇ ಯಾರೋ ಸುಳ್ಳು ಹೇಳಿರಬಹುದು. ಸೀಸೆಯ ಮೇಲಿನ ಹೆಸರು ಒಂದು, ಒಳಗಿನ ಮಾಲು ಇನ್ನೊಂದು, ಈ ದಂಧೆಯಲ್ಲಿ ಇದು ಹೊಸದೇನಲ್ಲ.

ರೇಡಿಯಾಲಜಿಸ್ಟ್ ಜೊತೆ ಕೂತು ಅಲ್ಟ್ರಾಸೌಂಡ್ ಸೇರಿಸಿ ನೋಡಿ. ಸಿಲಿಕೋನ್ ಇದ್ದಲ್ಲಿ ಪರದೆ ಬೆಳ್ಳಗೆ ಮಂಜು ಕವಿದಂತಾಗಿ ಹಿಂದಿರುವುದೇನೂ ಕಾಣುವುದಿಲ್ಲ. ಪಾಲಿಅಕ್ರಿಲಮೈಡ್ ಆದರೆ ನೀರು ನಿಂತ ಹಾಗೆ ಕಪ್ಪು ಜಾಗಗಳು. ಕೊಬ್ಬು ಚುಚ್ಚಿಸಿಕೊಂಡವರಲ್ಲಿ ನಡುವೆ ಎಣ್ಣೆ, ಸುತ್ತ ಸುಣ್ಣದ ತೆಳು ಅಂಚು. ಜೆಲ್ ಇದೆ ಎಂದು ಮೊದಲೇ ತಿಳಿದರೆ ಯಂತ್ರದಲ್ಲಿ ಒತ್ತುವ ಮುಂಚೆ ರೇಡಿಯಾಲಜಿಸ್ಟನ್ನು ಕೇಳಿ, ಅಂಥವರಿಗೆ ಅಲ್ಟ್ರಾಸೌಂಡ್ ಮತ್ತು ಎಂಆರ್‌ಐ ಮೊದಲು ಮಾಡುವುದೇ ಲೇಸು.

ಇನ್ನು ಕೇಳುವ ಬಗೆ. "ಏನಾದರೂ ಮಾಡಿಸಿದ್ದಿರಾ" ಎಂಬುದರಲ್ಲೇ ಒಂದು ಆರೋಪವಿದೆ. ಅದರ ಬದಲು ಬಂದ ಪ್ರತಿಯೊಬ್ಬರನ್ನೂ, ಎಪ್ಪತ್ತರ ಅಜ್ಜಿಯನ್ನೂ, ಒಂದೇ ದನಿಯಲ್ಲಿ ಕೇಳಿ: "ಎದೆಗೆ ಯಾವತ್ತಾದರೂ ಪೆಟ್ಟು, ಬಾವು, ಆಪರೇಷನ್, ಇಂಜೆಕ್ಷನ್, ರೇಡಿಯೇಷನ್ ಆಗಿತ್ತಾ?" ಇಂಜೆಕ್ಷನ್ ಎಂಬುದು ನಡುವೆ ಬರಲಿ. ಬಾಗಿಲು ಹಾಕಿ ಕೇಳಿ, ಜೊತೆಗೆ ಬಂದವರು ಹೊರಗಿರಲಿ. ರಿಪೋರ್ಟನ್ನು ರೋಗಿಯ ಕೈಗೇ ಕೊಡಿ, ನಾದಿನಿಯ ಕೈಗಲ್ಲ.

ಪ್ರಶ್ನೆ: ಡಾಕ್ಟರೇ, ನನಗೆ ಇಪ್ಪತ್ತೊಂಬತ್ತು, ಚೊಚ್ಚಲ ಬಾಣಂತಿ, ಮಗುವಿಗೆ ಎರಡು ತಿಂಗಳು, ಚೆನ್ನಾಗಿ ತೂಕ ಏರುತ್ತಿದೆ. ಮದುವೆಗೆ ಮುಂಚೆ ಗಲ್ಫ್‌ನಲ್ಲಿ ಕೆಲಸದಲ್ಲಿದ್ದಾಗ, 2019ರಲ್ಲಿ, ಗೆಳತಿಯ ಫ್ಲಾಟಿಗೆ ಬಂದ ಒಬ್ಬ ಹೆಂಗಸು ಎರಡೂ ಕಡೆ ಇಂಜೆಕ್ಷನ್ ಹಾಕಿದಳು. ಹೈಡ್ರೋಜೆಲ್ ಅಂದಿದ್ದಳು. ಈಗ ಬಲಗಡೆ ಊದಿ ಬಿಗಿದಿದೆ, ಜ್ವರ ಬರುತ್ತದೆ. ಅಮ್ಮ ಹಾಲು ಕಟ್ಟಿದೆ ಎಂದು ಕೋಸಿನ ಎಲೆ ಇಟ್ಟರು. ಡಾಕ್ಟರು ಎರಡು ಸಲ ಆಂಟಿಬಯಾಟಿಕ್ ಕೊಟ್ಟರು. ಇಳಿಯುತ್ತಿಲ್ಲ. ಮಗುವಿಗೆ ಹಾಲು ಕೊಡಬಹುದೇ? ಗಂಡನಿಗೆ ಗೊತ್ತಿಲ್ಲ.
– ಮಂಗಳೂರು

ಉತ್ತರ: ನೋಡಮ್ಮ, ನಿನ್ನ ಪತ್ರವನ್ನು ಸರದಿಗೆ ಇಡದೆ ಕೂಡಲೇ ಖಾಸಗಿಯಾಗಿ ಉತ್ತರಿಸಿದ್ದೇನೆ. ಇಲ್ಲಿ ಬರೆಯುವುದು ಇದೇ ಸ್ಥಿತಿಯಲ್ಲಿ ಇರಬಹುದಾದ ಬೇರೆಯವರಿಗಾಗಿ.

ಸಾಮಾನ್ಯ ಬಾಣಂತಿಯ ಎದೆಬಾವು ಸರಿಯಾದ ಆಂಟಿಬಯಾಟಿಕ್‌ಗೆ ಎರಡು ದಿನದಲ್ಲಿ ತಿರುಗಿ ನೋಡಬೇಕು. ತಿರುಗದಿದ್ದರೆ ಒಳಗೆ ಕೀವು ನಿಂತಿದೆಯೇ ಎಂದು ಅಲ್ಟ್ರಾಸೌಂಡ್ ನೋಡಬೇಕು. ಜೆಲ್ ಇದ್ದವರಲ್ಲಿ ಇನ್ನೊಂದು ಗಂಡಾಂತರ ಸೇರಿಕೊಳ್ಳುತ್ತದೆ. ಹಾಲು ತುಂಬಿ ಗ್ರಂಥಿ ಹಿಗ್ಗಿದಾಗ ಹಾಲಿನ ನಾಳ ಜೆಲ್ ಇರುವ ಪೊಟರೆಗೆ ತೆರೆದುಕೊಳ್ಳಬಹುದು. ಹಾಲು ಅಲ್ಲಿ ಶೇಖರವಾಗುತ್ತದೆ, ಬ್ಯಾಕ್ಟೀರಿಯಕ್ಕೆ ಅದಕ್ಕಿಂತ ಒಳ್ಳೆ ಊಟ ಬೇರೆ ಇಲ್ಲ. ವರ್ಷಗಟ್ಟಲೆ ತಣ್ಣಗಿದ್ದ ಜೆಲ್ ಬಾಣಂತನದಲ್ಲಿ ಕೆರಳಿದ ಪ್ರಕರಣಗಳು ಚೀನಾದ ಆಸ್ಪತ್ರೆಗಳಿಂದ ಒಂದರ ಮೇಲೊಂದು ವರದಿಯಾಗಿವೆ.

ಊದಿದ ಕಡೆಯಿಂದ ಮಗುವಿಗೆ ಹಾಲು ಬೇಡ. ಇನ್ನೊಂದು ಕಡೆಯದು? ಸೀಸೆಯಲ್ಲಿ ಏನಿತ್ತು ಎಂದು ಯಾರಿಗೂ ಗೊತ್ತಿಲ್ಲದಿರುವಾಗ ಅದನ್ನೂ ಕೊಡು ಎನ್ನಲು ನನಗೆ ಧೈರ್ಯ ಸಾಲದು. ಮಕ್ಕಳ ಡಾಕ್ಟರ ಜೊತೆ ಮಾತಾಡಿ ತೀರ್ಮಾನಿಸಬೇಕಾದ ಮಾತು ಅದು. ಹಾಲು ನಿಲ್ಲಿಸುವುದಾದರೂ ಒಮ್ಮೆಲೇ ನಿಲ್ಲಿಸಿ ಎದೆ ಬಿಗಿಯಲು ಬಿಡಬಾರದು, ಅದಕ್ಕೆ ಮಾತ್ರೆ ಇದೆ, ಕ್ರಮ ಇದೆ. ಇದುವರೆಗೆ ಕುಡಿದ ಹಾಲಿನ ಬಗ್ಗೆ ಅಳುತ್ತಾ ಕೂರುವುದು ಬೇಡ. ಮಗು ಚೆನ್ನಾಗಿ ತೂಕ ಏರುತ್ತಿದೆ ಎಂದು ನೀನೇ ಬರೆದಿದ್ದೀಯ.

ಗಂಡನಿಗೆ ಹೇಳುವ ವಿಷಯ. ಆಪರೇಷನ್ ಆಗುವುದಿದ್ದರೆ, ಮಗುವನ್ನು ಹಗಲು ರಾತ್ರಿ ನೋಡಿಕೊಳ್ಳಲು ಜೊತೆಯಲ್ಲಿ ಇರಬೇಕಾದವರು ಅವರು. ಡಾಕ್ಟರ ಎದುರು ಹೇಳಿದರೆ ಅರ್ಧ ಭಾರ ಡಾಕ್ಟರು ಹೊರುತ್ತಾರೆ, ನಮಗೆ ಅದು ಅಭ್ಯಾಸ. ಇನ್ನೂ ಬಸುರಾಗದ, ಆದರೆ ಒಳಗೆ ಇಂಥ ಜೆಲ್ ಇರುವ ಹೆಣ್ಣುಮಕ್ಕಳು ಮಕ್ಕಳ ಯೋಚನೆ ಮಾಡುವ ಮೊದಲು ಒಮ್ಮೆ ಸ್ಕ್ಯಾನ್ ಮಾಡಿಸಿ. ಬಸುರಿಗೆ ಮುಂಚೆ ತೆಗೆಸುವುದು ಬಾಣಂತನದಲ್ಲಿ ತೆಗೆಸುವುದಕ್ಕಿಂತ ಎಷ್ಟೋ ಸುಲಭ.

ಪ್ರಶ್ನೆ: ನಾನು ಟ್ರಾನ್ಸ್‌ಜೆಂಡರ್ ಮಹಿಳೆ, ವಯಸ್ಸು ನಲವತ್ತು. ಹನ್ನೆರಡು ವರ್ಷದ ಹಿಂದೆ ಬೇರೆ ರಾಜ್ಯದಲ್ಲಿ ಒಬ್ಬರ ಮನೆಯಲ್ಲಿ ಎದೆಗೂ ಸೊಂಟಕ್ಕೂ ಸಿಲಿಕೋನ್ ಹಾಕಿಸಿಕೊಂಡೆ. ನಾಲ್ಕು ಜನಕ್ಕೆ ಒಂದೇ ದಿನ ಹಾಕಿದರು. ಈಗ ಗಂಟು ಗಂಟು, ಚರ್ಮ ಕಂದಿದೆ, ಕಂಕುಳಲ್ಲೂ ಗಂಟು. ಇತ್ತೀಚೆಗೆ ಬಾಯಾರಿಕೆ ಜಾಸ್ತಿ, ಸುಸ್ತು, ಮಲಬದ್ಧತೆ. ಶುಗರ್ ಇಲ್ಲ. ಆಸ್ಪತ್ರೆಗೆ ಹೋದರೆ ಯಾವ ಸಾಲಲ್ಲಿ ನಿಲ್ಲಬೇಕು ಅಂತಲೇ ಅರ್ಧ ದಿನ ಹೋಗುತ್ತದೆ.
– ಬೆಂಗಳೂರು

ಉತ್ತರ: ಅಕ್ಕಾ, ಗಂಟುಗಳಿಗಿಂತ ಮೊದಲು ರಕ್ತದ ಕ್ಯಾಲ್ಸಿಯಂ ನೋಡಿಸಿ, ಜೊತೆಗೆ ಕ್ರಿಯಾಟಿನಿನ್. ಈ ವಾರವೇ. ಸಿಲಿಕೋನ್ ಸುತ್ತ ದೇಹ ಕಟ್ಟುವ ಗಂಟುಗಳಿಗೆ ಗ್ರಾನ್ಯುಲೋಮ ಎನ್ನುತ್ತೇವೆ. ಅವುಗಳಲ್ಲಿರುವ ಕೋಶಗಳು ಕೆಲವರಲ್ಲಿ ವಿಟಮಿನ್ ಡಿಯನ್ನು ಅದರ ಚುರುಕು ರೂಪಕ್ಕೆ ಬೇಕಾಬಿಟ್ಟಿ ತಿರುಗಿಸುತ್ತವೆ. ಆಗ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ಬಾಯಾರಿಕೆ, ಸುಸ್ತು, ಮಲಬದ್ಧತೆ ಅದರ ಲಕ್ಷಣಗಳು, ಬಿಟ್ಟರೆ ಕಿಡ್ನಿ ಕೆಡುತ್ತದೆ. ಹಾಕಿಸಿಕೊಂಡು ಹತ್ತಾರು ವರ್ಷಗಳ ಮೇಲೂ ಹೀಗಾಗುತ್ತದೆ, ಸಿಲಿಕೋನ್ ಮಾತೇ ಎತ್ತದಿದ್ದರೆ ಡಾಕ್ಟರಿಗೂ ಹೊಳೆಯುವುದಿಲ್ಲ. ರಿಪೋರ್ಟ್ ಬರುವ ತನಕ ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆ ತಿನ್ನುತ್ತಿದ್ದರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಒಂದೇ ದಿನ ನಾಲ್ವರಿಗೆ ಹಾಕಿದ್ದಾರೆಂದರೆ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಯೂ ಆಗಿಬಿಡಲಿ.

ದ್ರವ ಸಿಲಿಕೋನನ್ನು ಪೂರ್ತಿ ತೆಗೆಯುವುದು ಜೆಲ್ ತೆಗೆಯುವುದಕ್ಕಿಂತಲೂ ಕಷ್ಟ, ಅದು ಹನಿಹನಿಯಾಗಿ ಕೊಬ್ಬಿನೊಳಗೆ ಬೆರೆತುಹೋಗಿರುತ್ತದೆ. ಕಂಕುಳ ಗಂಟು ಸಿಲಿಕೋನ್ ತುಂಬಿದ ಹಾಲ್ರಸ ಗ್ರಂಥಿಯೂ (ಲಿಂಫ್ ನೋಡ್) ಇರಬಹುದು, ಬೇರೆ ಏನಾದರೂ ಇರಬಹುದು, ಸ್ಕ್ಯಾನ್ ಬೇಕು. ಹೆಚ್ಚು ಕಾಡುವ ಭಾಗವನ್ನು ಕತ್ತರಿಸಿ ತೆಗೆಯುವುದು, ಉಳಿದದ್ದನ್ನು ಔಷಧಿಯಲ್ಲಿ ಹತೋಟಿಯಲ್ಲಿಡುವುದು, ಇಷ್ಟೇ ನಮ್ಮ ಕೈಲಾಗುವುದು. ಮತ್ತೆ ಒಂದು ಸಲ ತುಂಬಿಸಿದರೆ ಸಮ ಆಗುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಚುಚ್ಚುವಾಗ ಸಿಲಿಕೋನ್ ರಕ್ತನಾಳ ಸೇರಿದರೆ ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಮಿದುಳಿಗೆ ಹೋದರೆ ಪಾರ್ಶ್ವವಾಯು. ಅಮೆರಿಕದ ಎಫ್‌ಡಿಎ 2017ರ ನವೆಂಬರಿನಲ್ಲಿ ಇದರ ಬಗ್ಗೆ ಸಾರ್ವಜನಿಕ ಎಚ್ಚರಿಕೆಯನ್ನೇ ಹೊರಡಿಸಿತು. ಹಾಕಿಸಿಕೊಳ್ಳಲಿರುವ ನಿಮ್ಮ ಚೇಲಾಗಳಿಗೆ ನನ್ನ ಮಾತಿಗಿಂತ ನಿಮ್ಮ ಮಾತು ನಾಟುತ್ತದೆ.

ಸಾಲಿನ ವಿಷಯ: 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆ ಚಿಕಿತ್ಸೆಯಲ್ಲಿ ತಾರತಮ್ಯವನ್ನು ನಿಷೇಧಿಸುತ್ತದೆ. ಕಾಯ್ದೆ ಕೌಂಟರಿನವರೆಗೆ ಇಳಿದು ಬಂದಿಲ್ಲ ಎಂಬ ನಿಮ್ಮ ದೂರು ನಿಜ. ಸಮುದಾಯದ ಸಂಘಟನೆಯ ಕಾರ್ಯಕರ್ತೆ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.

ಪ್ರಶ್ನೆ: ನನಗೆ 27. ಹೊಟ್ಟೆಯ ಕೊಬ್ಬು ತೆಗೆದು ಎದೆಗೆ ಹಾಕುವುದು ನ್ಯಾಚುರಲ್, ಸೈಡ್ ಎಫೆಕ್ಟ್ ಇಲ್ಲ ಅನ್ನುತ್ತಾರೆ. ನಮ್ಮ ಏರಿಯಾದ ಸಲೂನಿನಲ್ಲಿ ಫಿಲ್ಲರ್ ಪ್ಯಾಕೇಜ್ ಇನ್ನೂ ಅಗ್ಗ. ಯಾವುದು ಮಾಡಿಸಲಿ?
– ಬೆಂಗಳೂರು

ಉತ್ತರ: ಸಲೂನಿನದು ಯಾವ ಬೆಲೆಗೂ ಬೇಡ, ಪುಕ್ಕಟೆ ಕೊಟ್ಟರೂ ಬೇಡ.

ಕೊಬ್ಬಿನ ವಿಷಯ ಬೇರೆ. ಅದು ನಿಮ್ಮದೇ ದೇಹದ್ದು, ದೇಹ ತಿರಸ್ಕರಿಸುವುದಿಲ್ಲ. 1987ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಸರ್ಜನ್‌ಗಳ ಸಂಘ ಎದೆಗೆ ಕೊಬ್ಬು ಚುಚ್ಚಬೇಡಿ ಎಂದಿತ್ತು, ಸುಣ್ಣದ ಕಲೆಗಳು ಕ್ಯಾನ್ಸರನ್ನು ಮರೆಮಾಚಬಹುದೆಂಬ ಭಯಕ್ಕೆ. 2009ರಲ್ಲಿ ಅದೇ ಸಂಘ ಆ ಬಿಗಿಯನ್ನು ಸಡಿಲಿಸಿತು. ಪಳಗಿದ ಕೈಯಲ್ಲಿ ಇದು ಒಪ್ಪತಕ್ಕ ವಿಧಾನವೇ. ಸೈಡ್ ಎಫೆಕ್ಟ್ ಇಲ್ಲ ಅನ್ನುವುದು ಮಾತ್ರ ಶುದ್ಧ ಸುಳ್ಳು. ಹಾಕಿದ ಕೊಬ್ಬಿನಲ್ಲಿ ಒಂದು ದೊಡ್ಡ ಪಾಲು ತಿಂಗಳುಗಳಲ್ಲಿ ಕರಗಿಹೋಗುತ್ತದೆ, ಯಾರಲ್ಲಿ ಎಷ್ಟು ಉಳಿಯುತ್ತದೆ ಎಂದು ಮೊದಲೇ ಹೇಳಲಾಗದು. ಒಂದೇ ಕಡೆ ಹೆಚ್ಚು ತುಂಬಿದರೆ ರಕ್ತ ಸಿಗದೆ ಸತ್ತು ಎಣ್ಣೆಯ ಗುಳ್ಳೆಯಾಗುತ್ತದೆ, ಗಟ್ಟಿ ಗಂಟಾಗುತ್ತದೆ. ಆ ಗಂಟು ಕೈಗೆ ಸಿಕ್ಕಾಗ ಕ್ಯಾನ್ಸರೋ ಅಲ್ಲವೋ ಎಂದು ಒಂದು ವಾರ ನಿದ್ದೆಗೆಡುವವರು ನೀವು, ಪ್ಯಾಕೇಜ್ ಮಾರಿದವರಲ್ಲ. ಮನೆಯಲ್ಲಿ ತಾಯಿ, ಅಕ್ಕ, ಚಿಕ್ಕಮ್ಮ ಯಾರಿಗಾದರೂ ಸ್ತನ ಕ್ಯಾನ್ಸರ್ ಇದ್ದರೆ ಮೊದಲೇ ಹೇಳಿ. ಮಾಡಿಸುವುದೇ ಆದರೆ ಮುಂಚೆ ಒಂದು ಸ್ಕ್ಯಾನ್ ತೆಗೆಸಿ ಜೋಪಾನವಾಗಿಡಿ, ಮುಂದೆ ಹೋಲಿಸಿ ನೋಡಲು ಬೇಕು. ಡಾಕ್ಟರರ ಡಿಗ್ರಿ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಆಗಿರಲಿ. ಕ್ಲಿನಿಕ್‌ಗೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ (ಕೆಪಿಎಂಇ) ನೋಂದಣಿ ಇದೆಯೇ ಎಂದು ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಎದ್ದು ಬನ್ನಿ.

ಕ್ರೀಮು, ಮಾತ್ರೆ, ಮಸಾಜ್ ಬಗ್ಗೆ ಬಂದ ಪತ್ರಗಳಿಗೆಲ್ಲ ಒಂದೇ ಉತ್ತರ: ಯಾವುದರಿಂದಲೂ ಎದೆ ದೊಡ್ಡದಾಗುವುದಿಲ್ಲ.

ಪ್ರಶ್ನೆ: ದೇವರು ಕೊಟ್ಟದ್ದು ಸಾಲದೆಂದು ಹೋಗಿ ಚುಚ್ಚಿಸಿಕೊಂಡು ಬಂದವರಿಗೆ ಪುಟಗಟ್ಟಲೆ ಸಲಹೆ ಯಾಕೆ? ಮಾಡಿದ್ದುಣ್ಣೋ ಮಹರಾಯ ಅಂತ ಬಿಡಬಾರದೇ?
– ನಿವೃತ್ತ ಶಿಕ್ಷಕರು, ಶಿವಮೊಗ್ಗ ಜಿಲ್ಲೆ

ಉತ್ತರ: ಮೇಷ್ಟ್ರೇ, ಲೆಕ್ಕ ಹಾಕಿ ಬೈಯುವುದಾದರೆ ಮೊದಲ ಬೈಗುಳ ನಮ್ಮ ವೃತ್ತಿಗೆ ಸಲ್ಲಬೇಕು.

1899ರಲ್ಲಿ ವಿಯೆನ್ನಾದಲ್ಲಿ ಮೇಣದ ಜಾತಿಯ ಪ್ಯಾರಾಫಿನ್ ಚುಚ್ಚಿ ದೇಹದ ಆಕಾರ ತಿದ್ದುವ ಪದ್ಧತಿ ಶುರುಮಾಡಿದವರು ರಾಬರ್ಟ್ ಗೆರ್ಸುನಿ, ಹೆಸರಾಂತ ಸರ್ಜನ್. ಎದೆಗೂ ಅದು ಬಂತು. ಗಂಟು, ಹುಣ್ಣು, ಶ್ವಾಸಕೋಶಕ್ಕೆ ಮೇಣ ಹೋದದ್ದು ಎಲ್ಲ ಕೆಲವೇ ವರ್ಷಗಳಲ್ಲಿ 'ಪ್ಯಾರಾಫಿನೋಮ' ಎಂಬ ಹೆಸರಿನಡಿ ವೈದ್ಯ ಪತ್ರಿಕೆಗಳಿಗೆ ಬಂದವು. ಕಲಿತೆವೇ? ಎರಡನೇ ಮಹಾಯುದ್ಧ ಮುಗಿದ ಮೇಲೆ ಜಪಾನಿನಲ್ಲಿ ದ್ರವ ಸಿಲಿಕೋನ್ ಚುಚ್ಚತೊಡಗಿದರು. ಅಮೆರಿಕದ ಸೈನಿಕರ ಕಣ್ಣಿಗೆ ಬೀಳಬೇಕಾಗಿದ್ದ ಬಡ ಹೆಣ್ಣುಮಕ್ಕಳು ಅದಕ್ಕೆ ಎದೆಯೊಡ್ಡಿದರು. ಅಲ್ಲಿಂದ ಅದು ಲಾಸ್ ವೇಗಸ್‌ಗೆ ಹೋಯಿತು, ಅಲ್ಲಿ ಕುಣಿದು ಹೊಟ್ಟೆ ಹೊರೆಯುವವರಿಗೆ ಡಾಕ್ಟರುಗಳೇ ಚುಚ್ಚಿದರು. ಎಷ್ಟು ಜನ ಸ್ತನ ಕಳೆದುಕೊಂಡರೆಂದರೆ 1970ರ ದಶಕದಲ್ಲಿ ನೆವಾಡ ರಾಜ್ಯ ಅದನ್ನು ಅಪರಾಧವೆಂದೇ ಕಾನೂನು ಮಾಡಬೇಕಾಯಿತು. ಸಿಲಿಕೋನನ್ನು ಚೀಲದೊಳಗೆ ಹಾಕಿ ಇಡುವ ಆಪರೇಷನ್ 1962ರಲ್ಲೇ ಹ್ಯೂಸ್ಟನ್‌ನಲ್ಲಿ ಆಗಿತ್ತು. ಅದಾದ ಮೇಲೂ ಸೂಜಿ ಅಗ್ಗ, ಸೂಜಿ ಬೇಗ ಎಂದು ಸೂಜಿಯ ದಾರಿ ಮುಚ್ಚಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಕಳೆದು ಅದೇ ಆಟ ಜೆಲ್ ಹೆಸರಿನಲ್ಲಿ, ಸರ್ಕಾರದ ಪರವಾನಗಿಯೊಂದಿಗೆ, ಚೀನಾದಲ್ಲಿ ನಡೆಯಿತು. ಪ್ರತಿ ಸಲವೂ ಮೊದಲ ವರ್ಷದ ಫೋಟೋ ತೋರಿಸಿ ಮಾರಿದರು, ಹತ್ತನೇ ವರ್ಷದ್ದನ್ನು ಯಾರೂ ತೋರಿಸಲಿಲ್ಲ.

ಇದರಲ್ಲಿ ಹೆಂಗಸರ ತಪ್ಪು ಎಷ್ಟೆಂದು ನೀವೇ ತೂಗಿ. ನನ್ನ ಟೇಬಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಚಪಲಕ್ಕೆ ಹಾಕಿಸಿಕೊಂಡವರಲ್ಲ. ಹಾಲೂಡಿ ಎದೆ ಜೋತಾಗ ಗಂಡನಿಂದಲೋ ವಾರಗಿತ್ತಿಯಿಂದಲೋ ಒಂದು ಮಾತು ಕೇಳಿದವರು. ಹಾಗೆ ಬಂದವರನ್ನು ನಾವು ಬೈದು ಕಳಿಸಿದರೆ ಅವರು ಮತ್ತೆ ಹೋಗುವುದು ಚುಚ್ಚಿದವರ ಹತ್ತಿರಕ್ಕೇ.

ಕೊನೆಯದಾಗಿ, ಒಳಗೆ ಇಂಥದ್ದು ಇರುವವರಲ್ಲಿ ಒಂದು ವಿನಂತಿ. ಏನು ಹಾಕಿದರು, ಯಾವ ವರ್ಷ, ಯಾವ ಊರಲ್ಲಿ, ಎಷ್ಟು ಹಾಕಿದರು ಎಂಬುದನ್ನು ನೆನಪಿರುವಷ್ಟು ಒಂದು ಚೀಟಿಯಲ್ಲಿ ಬರೆಯಿರಿ. ರಸೀದಿ, ಸೀಸೆಯ ಫೋಟೋ ಏನಾದರೂ ಉಳಿದಿದ್ದರೆ ಸೇರಿಸಿಡಿ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದೇ ಬರೆಯಿರಿ, ಅದೂ ನಮಗೆ ಉಪಯೋಗದ ಮಾಹಿತಿ. ನೋವು ಇರಲಿ ಬಿಡಲಿ, ಎದೆಯ ಸ್ಕ್ಯಾನಿಗೆ ಹೋಗುವಾಗ ಆ ಚೀಟಿಯನ್ನು ಡಾಕ್ಟರ ಕೈಗೆ ಕೊಡಿ. ಬಾಯಿಬಿಟ್ಟು ಹೇಳಲು ಆಗದಿದ್ದರೆ ಚೀಟಿ ಕೊಟ್ಟು ಸುಮ್ಮನಿದ್ದರೂ ಸಾಕು.